ಆ ಹೂವಿನ ನವಿಲು ಹಾಸನದ್ದಲ್ಲ

"ಕ್ರಿಸ್‌ಮಸ್ ರಜಕ್ಕೆ ಹಾಸನದ ಮಹಾರಾಜ ಪಾರ್ಕಲ್ಲಿ ಫ್ಲವರ್ ಶೋ, ಎಂಟ್ರಿ ಫ್ರೀ" ಅಂತ ಹೂವಿನ ನವಿಲಿನ ಫೋಟೋ ಗ್ರೂಪಲ್ಲೆಲ್ಲ ಓಡಾಡ್ತಿದೆಯಲ್ಲ, ಅದು ತಪ್ಪು. ಫೋಟೋ ತೆಗೆದಿದ್ದು ನಾನೇ, ಹೋದ ಜನವರೀಲಿ ಬೆಂಗಳೂರಿನ ಲಾಲ್‌ಬಾಗಲ್ಲಿ, ಜಾಗದ ಹೆಸರು ಹಾಕದೆ ಸ್ಟೇಟಸ್ಸಿಗೆ ಹಾಕ್ಬಿಟ್ಟಿದ್ದೆ, ಅದು ಹೇಗೋ ಈ ಸಾಲಿನ ಜೊತೆ ಸೇರ್ಕೊಂಡಿದೆ. ಝೂಮ್ ಮಾಡಿ ನೋಡಿ, ನವಿಲಿನ ಹಿಂದೆ ಕಬ್ಬಿಣದ ಕಮಾನು ಕಾಣುತ್ತೆ, ಅದು 1889ರಲ್ಲಿ ಅಡಿಪಾಯ ಹಾಕಿದ ಗಾಜಿನಮನೆ, ಮೂಲೇಲಿ ನಮ್ಮಕ್ಕನ ಮಗಳು ಮಡಚಿ ಹಿಡ್ಕೊಂಡಿರೋ ಕಿತ್ತಳೆ ಛತ್ರಿನೂ ಇದೆ! ಅಲ್ಲಿ ದೊಡ್ಡ ಶೋ ನಡೆಯೋದು ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ, ಟಿಕೆಟ್ಟೂ ಇರುತ್ತೆ. ನಿನ್ನೆ ಮಹಾರಾಜ ಪಾರ್ಕಿಗೇ ಹೋಗಿ ಕೇಳ್ದೆ, ಅಂಥದ್ದೇನೂ ಇಟ್ಟಿಲ್ಲ. ಅರಸೀಕೆರೆಯಿಂದ ಮಕ್ಕಳನ್ನ ಕರ್ಕೊಂಡು ಬಂದಿದ್ದ ಒಬ್ರು ಗೇಟ್ ಹತ್ರ ಇದೇ ಫೋಟೋ ತೋರ್ಸಿದ್ರು, ಪಾಪ. ಫಾರ್ವರ್ಡ್ ಮಾಡ್ಬೇಡಿ, ಆಗ್ಲೇ ಕಳ್ಸಿದ್ರೆ ಡಿಲೀಟ್ ಮಾಡಿ.