ಸೇಬಿನ ಹಾರದ ಬಿಲ್ಲು ಯಾರ ಲೆಕ್ಕಕ್ಕೆ?

ನಮ್ಮ ಮಂಡ್ಯದ ಕಡೆ ಚುನಾವಣೆ ಅಂದರೆ ಕ್ರೇನ್ ಬರಲೇಬೇಕು. ಅದರಲ್ಲಿ ಆಳಿಗಿಂತ ಎತ್ತರದ ಸೇಬಿನ ಹಾರ ನೇತಾಡಬೇಕು, ಪಕ್ಕದಲ್ಲಿ ಜೆಸಿಬಿ ಹೂವು ಸುರಿಯಬೇಕು. ಅಭ್ಯರ್ಥಿ ಹಾರ ಮುಟ್ಟಿ ಕೈಮುಗಿದು ಮುಂದಕ್ಕೆ ಹೋದರೋ ಇಲ್ಲವೋ, ಸೇಬಿಗೆ ನೂಕುನುಗ್ಗಲು. ದುಡ್ಡು ಯಾರದಣ್ಣ ಅಂತ ಕೇಳಿದರೆ ಒಂದೇ ಉತ್ತರ: "ಅಭಿಮಾನಿಗಳದ್ದು."

ಮಜಾ ಇರುವುದು ಇಲ್ಲೇ. ಅಭ್ಯರ್ಥಿ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಅವರ ಪರವಾಗಿ ಪ್ರಚಾರಕ್ಕೆ ಖರ್ಚು ಮಾಡುವುದು ನಮ್ಮಲ್ಲಿ ಅಪರಾಧ. ಹಳೇ ಐಪಿಸಿಯ 171ಎಚ್, ಈಗ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ. 500 ರೂಪಾಯಿ ಇದ್ದ ದಂಡ ಈಗ 10,000ದವರೆಗೆ. ಒಪ್ಪಿಗೆ ಇತ್ತು ಅಂದರೋ, ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬೀಳುತ್ತದೆ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಮಿತಿ. ಹಾಗಾಗಿ ಅಭಿಮಾನಿ ಯಾರು ಅಂತ ಯಾರೂ ಕೆದಕುವುದಿಲ್ಲ.

ಈಗ ಗುತ್ತಲಿನ ಒಬ್ಬ ನಿವೃತ್ತ ಮೇಷ್ಟ್ರು ಅಂದುಕೊಳ್ಳಿ. ಕೆರೆ ಹೂಳೆತ್ತಿಸಿದ ಅಭ್ಯರ್ಥಿ ಗೆಲ್ಲಲಿ ಅಂತ ಪಿಂಚಣಿ ದುಡ್ಡಲ್ಲಿ ಐನೂರು ಕರಪತ್ರ ಹಾಕಿಸುತ್ತಾರೆ. ಮುದ್ರಕರ ಹೆಸರು, ತಮ್ಮ ಹೆಸರು, ವಿಳಾಸ ಎಲ್ಲಾ ಇದೆ. ಪ್ರೆಸ್ಸಿಗೆ ಇಬ್ಬರ ಸಾಕ್ಷಿ ಹಾಕಿಸಿ ಘೋಷಣೆಯನ್ನೂ ಕೊಟ್ಟಿದ್ದಾರೆ. ಆದರೂ ಅಭ್ಯರ್ಥಿಯ ಚೀಟಿ ಇಲ್ಲದಿದ್ದರೆ ಮೇಷ್ಟ್ರೇ ಆರೋಪಿ!

ಪಕ್ಷಕ್ಕೆ ಮಾತ್ರ ಮಿತಿಯೇ ಇಲ್ಲ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವರ ಲೆಕ್ಕಕ್ಕೇ ಸೇರಿಸಿ ಅಂದಿತ್ತು. ಅದೇ ವರ್ಷ ಸರ್ಕಾರ ಸುಗ್ರೀವಾಜ್ಞೆ ತಂದು ತೀರ್ಪನ್ನು ಮೂಲೆಗೆ ತಳ್ಳಿತು. ಇವತ್ತಿಗೂ ಪಕ್ಷದ ಸಾಮಾನ್ಯ ಪ್ರಚಾರ, ತಾರಾ ಪ್ರಚಾರಕರ ಹೆಲಿಕಾಪ್ಟರ್ ಓಡಾಟ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದವರದ್ದು ಇನ್ನೊಂದು ಅತಿ. ಪ್ರಚಾರದ ಖರ್ಚಿಗೆ ಮಿತಿ ಹಾಕಿದರೆ ಮಾತಿಗೇ ಮಿತಿ ಹಾಕಿದಂತೆ ಅಂತ ಅಲ್ಲಿನ ಸುಪ್ರೀಂ ಕೋರ್ಟಿನ 1976ರ ಬಕ್ಲಿ ತೀರ್ಪು ಹೇಳಿತು. ಅದೇ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೆ ಕಂಪನಿಗಳು ಪ್ರಚಾರಕ್ಕೆ ಎಷ್ಟು ಬೇಕಾದರೂ ಸುರಿಯಬಹುದು ಅಂತಾಯಿತು. ಕೋಟಿ ಇರುವವನ ಮೈಕು ಜಾಸ್ತಿ ಜೋರು ಅಲ್ವಾ? ಉಳಿದವರದ್ದು ಕೇಳಿಸುವುದಾದರೂ ಹೇಗೆ?

ನಮ್ಮ ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ರಂದು, ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ರದ್ದು ಮಾಡುವಾಗ ಹಿಡಿದ ದಾರಿ ನನಗೆ ಇಷ್ಟ. ವಾಕ್ ಸ್ವಾತಂತ್ರ್ಯದ 19(1)(ಎ) ವಿಧಿಯನ್ನು ಅದು ಮತದಾರನ ಕಡೆಯಿಂದ ಓದಿತು. ಪಕ್ಷಕ್ಕೆ ಯಾರು ಕೊಟ್ಟರು ಅನ್ನುವುದು ವೋಟು ಹಾಕುವವನಿಗೆ ಗೊತ್ತಾಗಬೇಕು ಅಂದಿತು.

ಹಾಗಾದರೆ ಮೇಷ್ಟ್ರಿಗೂ ಅದೇ ಅಳತೆ ಹಿಡಿಯಿರಿ. ಹೆಸರು ಹಾಕಿ ಐದೋ ಹತ್ತೋ ಸಾವಿರ ಖರ್ಚು ಮಾಡುವವರನ್ನು ಸುಮ್ನೆ ಬಿಟ್ಟುಬಿಡಿ. ಈಗ ಕಾನೂನು ಬಿಟ್ಟಿರುವುದು ಬರೀ 10 ರೂಪಾಯಿ, ಅದಕ್ಕೂ ಹತ್ತು ದಿನದೊಳಗೆ ಅಭ್ಯರ್ಥಿಯಿಂದ ಬರೆಸಿಕೊಂಡು ಬರಬೇಕು. ದುಡ್ಡಿರುವವರು ನೂರು ಜನರ ಹೆಸರಲ್ಲಿ ಹಂಚಿ ಹಾಕಿಸುತ್ತಾರೆ ಅಂತೀರಾ? ಹಾಕಿಸಬಹುದು. ಆಗ ನೂರು ಹೆಸರು, ನೂರು ವಿಳಾಸವಾದರೂ ಕೈಗೆ ಸಿಗುತ್ತದೆ, ಕರೆದು ಕೇಳಬಹುದು. ಪಕ್ಷಗಳ ಖರ್ಚಿಗೆ ಮಿತಿ ಹಾಕುವುದೇ ಕಷ್ಟದ ಕೆಲಸ. ಅದನ್ನು ಸಂಸತ್ತು ಮಾಡಬೇಕು, ಅಲ್ಲಿ ಕೂತಿರುವವರು ಪಕ್ಷದವರೇ.