ಓಡಾಡುವ ದಾರಿಗೆ ಬೇಬಿ ಜಲ್ಲಿಯೇ ವಾಸಿ

ಕೈತೋಟದ ದಾರಿಗೆ ಬಿಳಿ ಉರುಟು ಕಲ್ಲು ಹಾಸಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ದಿನಾ ಓಡಾಡುವ ಜಾಗಕ್ಕೆ ಅದು ಬೇಡ. ಉರುಟು ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕಾಲಿಟ್ಟಲ್ಲೆಲ್ಲ ಸರಿಯುತ್ತವೆ. ಮೂಲೆ ಮೂಲೆ ಇರುವ ಬೇಬಿ ಜಲ್ಲಿ, ಅಂದರೆ 6ರಿಂದ 12 ಮಿ.ಮೀ. ಗಾತ್ರದ್ದು, ತುಳಿದಷ್ಟೂ ಗಟ್ಟಿಯಾಗಿ ಕೂರುತ್ತದೆ. 2 ಇಂಚು ದಪ್ಪ ಸಾಕು. ಜಾಸ್ತಿ ಸುರಿದರೆ ಕಾಲು ಹೂಳುತ್ತದೆ.

ನಮ್ಮ ಮನೆಯಲ್ಲಿ ವಯಸ್ಸಾದವರಿದ್ದಾರೆ. ಹಾಗಾಗಿ ಜಲ್ಲಿಯ ನಡುವೆ ಹೆಜ್ಜೆಗೊಂದು ಸಾದಹಳ್ಳಿ ಚಪ್ಪಡಿ, ಅಂದರೆ ಬೂದು ಬಣ್ಣದ ಗ್ರಾನೈಟ್ ಹಾಸುಗಲ್ಲು, ಹಾಕಿಸಿದ್ದೇವೆ. ಊರುಗೋಲಿಗೆ ಆಸರೆ ಸಿಗುತ್ತದೆ. ಪಾಲಿಶ್ ಮಾಡಿದ್ದು ಮಾತ್ರ ಬೇಡ, ಮಳೆ ಬಂದರೆ ಜಾರುತ್ತದೆ.

ಇನ್ನು ಕಳೆ. ಅದನ್ನು ತಡೆಯಲು ಜಲ್ಲಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಡಿ, ನೀರು ಇಂಗದೆ ಮೇಲೇ ನಿಲ್ಲುತ್ತದೆ. ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಒಳ್ಳೆಯದು. ಆದರೂ ಕೊನ್ನಾರಿ ಎಂಬ ಗಡ್ಡೆ ಕಳೆ ಇದ್ದರೆ ಮೊದಲು ಗಡ್ಡೆ ಸಮೇತ ಅಗೆದು ತೆಗೆಯಲೇಬೇಕು. ಅದರ ಮೊಳಕೆ ಸೂಜಿಯ ಹಾಗೆ ಬಟ್ಟೆಯನ್ನೇ ಚುಚ್ಚಿಕೊಂಡು ಮೇಲೆ ಬರುತ್ತದೆ.

ಲೇಖನದಲ್ಲಿ ಅಂಚಿನ ಮಾತೇ ಇಲ್ಲ. ಎರಡೂ ಕಡೆ ಇಟ್ಟಿಗೆಯೋ ಕಲ್ಲೋ ನಿಲ್ಲಿಸದಿದ್ದರೆ ಮಳೆಗಾಲದಲ್ಲಿ ಜಲ್ಲಿಯೆಲ್ಲ ಪಾತಿಗೆ ಸೇರುತ್ತದೆ. ಕರಾವಳಿಯವರಿಗೆ ಕೆಂಪು ಕಲ್ಲು ಹೇಗೂ ಸಿಗುತ್ತದೆ ಅಲ್ವಾ? ಹಸಿರಿನ ಪಕ್ಕ ಆ ಬಣ್ಣ ಎಷ್ಟು ಚೆಂದ! ಅದರ ಬದಿಗೆ ದೊಡ್ಡಪತ್ರೆ ನೆಡಿ, ಸೆರಗು ತಾಗಿದರೂ ಘಮ್ಮೆನ್ನುತ್ತದೆ.

ಮಾವಿನ ಮರದ ಕೆಳಗೆ ಮಾತ್ರ ಜಲ್ಲಿ ಹಾಕಬೇಡಿ. ಉದುರಿದ ಎಲೆ, ಹೂವು ಕಲ್ಲಿನ ಸಂದಿಗೆ ಇಳಿದರೆ ಗುಡಿಸುವುದು ಕಷ್ಟ. ಅಷ್ಟು ಜಾಗಕ್ಕೆ ಚಪ್ಪಡಿಯೇ ಸರಿ.