ದುಡ್ಡು ಕಟ್ಟಿಸಿಕೊಳ್ಳುವಾಗ ತಂಗಿ ಬೇಕು, ಬೋನಸ್ ಕೊಡುವಾಗ ಬೇಡ

ಬ್ರಿಟನ್ನಿನಂಥ ಕಡೆಯ ಕಾರ್ ಇನ್ಶೂರೆನ್ಸ್‌ನಲ್ಲಿ ನೇಮ್ಡ್ ಡ್ರೈವರ್ ಅಂತ ಒಂದು ಪಾಪದ ಪ್ರಾಣಿ ಇದೆ. ಪಾಲಿಸಿ ಒಬ್ಬರ ಹೆಸರಲ್ಲಿ ಇರುತ್ತದೆ, ಅದೇ ಕಾರನ್ನು ಆಗಾಗ ಓಡಿಸುವ ಇನ್ನೊಬ್ಬರ ಹೆಸರನ್ನು ಅದಕ್ಕೆ ಸೇರಿಸುತ್ತಾರೆ. ನನ್ನ ಪಾಲಿಸಿಯಲ್ಲಿ ಆ ಪ್ರಾಣಿ ನನ್ನ ತಂಗಿ.

ಸೇರಿಸುವಾಗ ಅವಳ ಜಾತಕವನ್ನೇ ಕೇಳಿದರು. ಹುಟ್ಟಿದ ದಿನ, ಕೆಲಸ, ಲೈಸೆನ್ಸ್ ಸಿಕ್ಕ ತಾರೀಕು, ಹಿಂದೆ ಎಲ್ಲಾದರೂ ಗುದ್ದಿದ್ದಾಳಾ, ದಂಡ ಕಟ್ಟಿದ್ದಾಳಾ, ಎಲ್ಲ. ಕೊಟ್ಟೆವು. ಲೈಸೆನ್ಸ್ ಹೊಸದು ಅಂತ ಪ್ರೀಮಿಯಂ ಏರಿಸಿದರು. ವರ್ಷದ ಮಧ್ಯೆ ಸೇರಿಸಿದ್ದಕ್ಕೆ ಬೇರೆ ಶುಲ್ಕ. ಅದನ್ನೂ ಕಟ್ಟಿದೆ. ಅಲ್ಲಿಯವರೆಗೂ ನನಗೆ ಸಿಟ್ಟಿರಲಿಲ್ಲ. ಹೊಸಬರು ಓಡಿಸಿದರೆ ರಿಸ್ಕ್ ಜಾಸ್ತಿ, ದುಡ್ಡೂ ಜಾಸ್ತಿ, ಸರಿ.

ಆಮೇಲೆ ಒಂದು ದಿನ ಅವಳು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಗ ಯಾರೋ ಹಿಂದಿನಿಂದ ಗುದ್ದಿ ಪರಾರಿಯಾದರು. ನಂಬರ್ ಸಿಗಲಿಲ್ಲ. ಕಂಪನಿಗೆ ಫೋನ್ ಮಾಡಿದಳು. "ನಿಮ್ಮ ಜೊತೆ ಮಾತಾಡೋಕೆ ಆಗಲ್ಲ ಮೇಡಂ, ಪಾಲಿಸಿ ನಿಮ್ಮದಲ್ಲ, ಪಾಲಿಸಿದಾರರನ್ನೇ ಕೊಡಿ" ಅಂದರು. ಸ್ಟೇರಿಂಗ್ ಹಿಡಿದಿದ್ದವಳು ಅವಳು, ನೋಡಿದವಳು ಅವಳು. ನಾನು ಆಫೀಸಿನಲ್ಲಿದ್ದೆ. ಅವರು ನನ್ನನ್ನು ಕೇಳುವುದು, ನಾನು ಅವಳನ್ನು ಕೇಳುವುದು, ಅವಳು ಹೇಳಿದ್ದನ್ನು ಮತ್ತೆ ಅವರಿಗೆ ಒಪ್ಪಿಸುವುದು. ಗಂಟೆಗಟ್ಟಲೆ ಇದೇ ಆಟ. ಕೊನೆಗೆ ಏನಂದರು ಗೊತ್ತಾ? ಓಡಿಸುತ್ತಿದ್ದವರೇ ಹೇಳಿಕೆ ಬರೆದು ಸಹಿ ಹಾಕಿ ಕಳಿಸಬೇಕಂತೆ!

ರಿಪೇರಿಯಲ್ಲಿ ನಮ್ಮ ಕೈಯಿಂದ ಕಟ್ಟಬೇಕಾದ ಪಾಲು ಇರುತ್ತದಲ್ಲ, ಎಕ್ಸೆಸ್, ಅದನ್ನು ಲೆಕ್ಕ ಹಾಕುವಾಗ ಮತ್ತೆ ತಂಗಿ ನೆನಪಾದಳು. ಓಡಿಸುತ್ತಿದ್ದವರು ಅನುಭವ ಕಡಿಮೆ ಇರುವವರು, ಹಾಗಾಗಿ ಮಾಮೂಲಿ ಎಕ್ಸೆಸ್ ಮೇಲೆ ಇನ್ನೊಂದು ಎಕ್ಸೆಸ್. ಅಲ್ಲ ಸ್ವಾಮಿ, ನಿಂತ ಕಾರಿನಲ್ಲಿ ಅನುಭವ ಏನು ಮಾಡುತ್ತದೆ? ಮೂವತ್ತು ವರ್ಷ ಲಾರಿ ಓಡಿಸಿದವರು ಕೂತಿದ್ದರೂ ಹಿಂದಿನಿಂದ ಗುದ್ದುವವನು ಗುದ್ದೇ ಗುದ್ದುತ್ತಾನೆ.

ಇಷ್ಟಕ್ಕೇ ಮುಗಿಯಲಿಲ್ಲ. ಗುದ್ದಿದವನು ಸಿಗದೆ ಇದ್ದರೆ ಕಂಪನಿಗೆ ದುಡ್ಡು ವಸೂಲಿ ಮಾಡಲು ಯಾರೂ ಇರುವುದಿಲ್ಲ. ವಸೂಲಾಗದ ಕ್ಲೇಮ್ ನಮ್ಮ ತಲೆಗೇ. ತಪ್ಪು ಯಾರದು ಅನ್ನುವುದು ಬೇರೆ ಮಾತು. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತಾರಲ್ಲ, ಆ ನನ್ನ ನೋ ಕ್ಲೇಮ್ ಬೋನಸ್ ಇಳಿಯಿತು. ಯಾಕೆಂದರೆ ಬೋನಸ್ ಇರುವುದು ಪಾಲಿಸಿದಾರರ ಹೆಸರಲ್ಲಿ, ಕಾರು ಯಾರ ಕೈಯಲ್ಲಿದ್ದರೂ ಕಡಿತ ಅವರಿಗೆ.

ಹೋಗಲಿ, ಹೊಡೆತ ನನಗೊಬ್ಬಳಿಗೇ ಬಿದ್ದಿದ್ದರೆ ಸುಮ್ನೆ ಇರುತ್ತಿದ್ದೆ. ತಂಗಿ ಈಗ ಸ್ವಂತ ಕಾರು ಕೊಳ್ಳಲು ಹೊರಟಿದ್ದಾಳೆ. ಅವಳ ಪಾಲಿಸಿಗೆ ದರ ಕೇಳಿದರೆ ಮೊದಲನೇ ಪ್ರಶ್ನೆ, ಹಿಂದೆ ಅಪಘಾತ, ಕ್ಲೇಮ್ ಏನಾದರೂ ಆಗಿದೆಯಾ? ಹೌದು ಅನ್ನಲೇಬೇಕು. ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು. ಎರಡನೇ ಪ್ರಶ್ನೆ, ನೋ ಕ್ಲೇಮ್ ಬೋನಸ್ ಎಷ್ಟು ವರ್ಷದ್ದು? ಸೊನ್ನೆ! ಈ ಗುದ್ದಿಗೆ ಮುಂಚೆ ಒಂದು ಗೀರೂ ಬೀಳದಂತೆ ನನ್ನ ಕಾರು ಓಡಿಸಿದಳಲ್ಲ, ಅದು ಲೆಕ್ಕಕ್ಕೇ ಇಲ್ಲ. ಆದ ಒಂದು ಕ್ಲೇಮ್ ಅವಳ ಬೆನ್ನು ಹತ್ತುತ್ತದೆ, ಚೆನ್ನಾಗಿ ಓಡಿಸಿದ ಅಷ್ಟೂ ಕಾಲ ನನ್ನ ಪಾಲಿಸಿಯಲ್ಲೇ ಕರಗಿಹೋಗುತ್ತದೆ. ಅದೇ ಕ್ಲೇಮಿಗೆ ನನ್ನ ಬೋನಸ್ಸೂ ಹೋಯಿತು, ಅವಳ ದರವೂ ಏರಿತು. ಒಂದು ಗುದ್ದಿಗೆ ಇಬ್ಬರಿಗೆ ಬರೆ. ಕೆಲವು ಕಂಪನಿಗಳು ನೇಮ್ಡ್ ಡ್ರೈವರ್ ಆಗಿದ್ದ ಕಾಲವನ್ನೂ ಪರಿಗಣಿಸುತ್ತವೆ, ನಿಜ. ಆದರೆ ಅದು ಅವರ ಮರ್ಜಿ.

ಇನ್ನು ಕವರ್ ವಿಚಾರ. ಪಾಲಿಸಿ ಕಾಂಪ್ರಹೆನ್ಸಿವ್ ಆಗಿದ್ದರೆ, ಅಂದರೆ ನಮ್ಮ ಕಾರಿನ ಹಾನಿಯೂ ಸೇರಿದ್ದರೆ, ಸಾಮಾನ್ಯವಾಗಿ ನೇಮ್ಡ್ ಡ್ರೈವರಿಗೂ ಅದೇ ಕವರ್, ಆದರೆ ಆ ಒಂದು ಕಾರಿಗೆ ಮಾತ್ರ. ಕೆಲವು ಪಾಲಿಸಿಗಳಲ್ಲಿ ಬೇರೆಯವರ ಕಾರು ಓಡಿಸಲು ಒಂದು ಸೌಲಭ್ಯ ಇರುತ್ತದೆ, ಅದೂ ಹೆಚ್ಚಾಗಿ ಥರ್ಡ್ ಪಾರ್ಟಿಗಷ್ಟೇ, ಅಂದರೆ ನಮ್ಮಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ನೇಮ್ಡ್ ಡ್ರೈವರಿಗೆ ಅದು ದಕ್ಕುವುದಿಲ್ಲ. ಗೆಳತಿಯ ಕಾರನ್ನು ಆಸ್ಪತ್ರೆವರೆಗೆ ಓಡಿಸಿದರೂ ಇವಳಿಗೆ ಇದರಿಂದ ರಕ್ಷಣೆ ಇಲ್ಲ. ಕಾರಲ್ಲಿ ದಿನಾ ಕೆಲಸಕ್ಕೆ ಹೋಗುವುದಾದರೆ ಆ ಬಳಕೆ ಅವಳಿಗೂ ಸೇರಿದೆಯಾ ಅಂತ ಬೇರೆ ನೋಡಬೇಕು. ಅಪಘಾತದಲ್ಲಿ ಗಾಯವಾದರೆ ಸಿಗುವ ಪರಿಹಾರ ಕೆಲವು ಪಾಲಿಸಿಗಳಲ್ಲಿ ಪಾಲಿಸಿದಾರರಿಗೆ ಮತ್ತು ಅವರ ಗಂಡನಿಗೋ ಹೆಂಡತಿಗೋ ಅಷ್ಟೇ. ಇದನ್ನೆಲ್ಲ ಮಾರುವಾಗ ಯಾರಾದರೂ ಬಾಯಿಬಿಟ್ಟು ಹೇಳುತ್ತಾರಾ? ಪುಸ್ತಕದಷ್ಟು ದಪ್ಪದ ಷರತ್ತಿನಲ್ಲಿ ಎಲ್ಲೋ ಇರುತ್ತದೆ.

"ಭಾರತದಲ್ಲಿ ಈ ರಗಳೆ ಇಲ್ಲ, ಅಲ್ಲಿ ಇನ್ಶೂರೆನ್ಸ್ ಗಾಡಿಗೆ" ಅನ್ನುವವರಿದ್ದಾರೆ. ನಿಜ. ಅಲ್ಲಿ ಲೈಸೆನ್ಸ್ ಇದ್ದವರು ಮಾಲೀಕರ ಒಪ್ಪಿಗೆ ಪಡೆದು ಓಡಿಸಬಹುದು. ಬ್ರಿಟನ್ನಿನಂಥ ಕಡೆ ಹೆಸರೇ ಮುಖ್ಯ. ಪಾಲಿಸಿಯಲ್ಲಿ ಹೆಸರಿಲ್ಲದವರು, ಬೇರೆ ಕವರೂ ಇಲ್ಲದವರು ಓಡಿಸಿದರೆ ಅಪರಾಧ.

ಇನ್ನೊಬ್ಬರು ಬಿಟ್ಟಿ ಸಲಹೆ ಕೊಟ್ಟರು. ಹೊಸ ಕಾರಿನ ಪಾಲಿಸಿಯನ್ನೂ ನಿನ್ನ ಹೆಸರಲ್ಲೇ ಮಾಡಿಸು, ತಂಗಿಯನ್ನು ನೇಮ್ಡ್ ಡ್ರೈವರ್ ಅಂತ ತೋರಿಸು, ಅಗ್ಗವಾಗುತ್ತದೆ ಅಂತ. ದಿನಾ ಓಡಿಸುವವಳು ಅವಳು, ಮುಖ್ಯ ಡ್ರೈವರ್ ನಾನು ಅಂತ ಬರೆಯುವುದು ಮೋಸ. ಇದಕ್ಕೆ ಫ್ರಂಟಿಂಗ್ ಅನ್ನುತ್ತಾರೆ. ಸಿಕ್ಕಿಬಿದ್ದರೆ ಪಾಲಿಸಿಯೂ ಇಲ್ಲ, ಕ್ಲೇಮೂ ಇಲ್ಲ. ಆ ಕೆಲಸ ನಾನು ಮಾಡುವುದಿಲ್ಲ. ಆದರೆ ಜನ ಯಾಕೆ ಮಾಡುತ್ತಾರೆ ಅನ್ನುವುದು ಈಗ ಚೆನ್ನಾಗಿ ಅರ್ಥವಾಗುತ್ತದೆ.

ನಾನು ಕೇಳುತ್ತಿರುವುದು ಪುಕ್ಕಟೆ ಅಲ್ಲ. ಅವಳ ಹೆಸರಿಗೆ ದುಡ್ಡು ಕಟ್ಟಿದ್ದೇನೆ. ಇಂಥವರು ಇಷ್ಟು ಕಾಲ ಈ ಕಾರು ಓಡಿಸಿದರು, ಆದದ್ದು ಇದೊಂದೇ ಕ್ಲೇಮ್, ಅದರಲ್ಲಿ ಅವರ ತಪ್ಪಿಲ್ಲ ಅಂತ ಒಂದು ಪತ್ರ ಕೊಡಿ. ಏರಿಸಿದ ಪ್ರೀಮಿಯಂ ಎಷ್ಟು ಅಂತ ಪೈಸೆ ಲೆಕ್ಕ ಇಟ್ಟಿರುವ ಕಂಪ್ಯೂಟರಿಗೆ ಆ ಮೂರು ಸಾಲು ಮುದ್ರಿಸಲು ಏನು ಕಷ್ಟ?